ಟ್ವೈಲೈಟ್ ಸ್ಟ್ರಗಲ್: ಹಿಟ್ಲರನನ್ನು ಸೋಲಿಸಿದವರ ಜಗಳ, ಮೇಜಿನ ಮೇಲೆ

ಪೆಟ್ಟಿಗೆ ಬಿಚ್ಚಿದರೆ 22×34 ಇಂಚಿನ ಜಗತ್ತಿನ ನಕ್ಷೆ, 110 ಕಾರ್ಡು, ಇನ್ನೂರು ಚಿಲ್ಲರೆ ರಟ್ಟಿನ ಬಿಲ್ಲೆ, ಎರಡು ದಾಳ. ಆಡುವವರು ಇಬ್ಬರೇ. ಒಬ್ಬರು ಅಮೆರಿಕ, ಇನ್ನೊಬ್ಬರು ಸೋವಿಯತ್ ಒಕ್ಕೂಟ. 1945ರಿಂದ 1989ರವರೆಗಿನ ಶೀತಲ ಸಮರವನ್ನು 10 ಸುತ್ತುಗಳಲ್ಲಿ ಮುಗಿಸಬೇಕು. ಅಮೆರಿಕದ ಜಿಎಂಟಿ ಗೇಮ್ಸ್ 2005ರಲ್ಲಿ ಹೊರತಂದ ಆಟ ಇದು. ಇಲ್ಲಿ ಹೇಳುತ್ತಿರುವುದು ದಪ್ಪ ರಟ್ಟಿನ ನಕ್ಷೆಯ ಡೀಲಕ್ಸ್ ಆವೃತ್ತಿಯ ಬಗ್ಗೆ. ಆಟಿ ತಿಂಗಳಲ್ಲಿ ಚೆನ್ನೆಮಣೆ ಹೊರತೆಗೆಯುವ, ಆ ಆಟದ ಜಗಳದಲ್ಲೇ ಪ್ರಾಣ ಕಳೆದುಕೊಂಡ ಅವಳಿಗಳಾದ ಅಬ್ಬಗ-ದಾರಗರ ಕಥೆ ಕೇಳಿ ಬೆಳೆದ ಊರಿಗೆ ಇಬ್ಬರ ಆಟ ಎಲ್ಲಿಗೆ ಮುಟ್ಟಬಹುದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಇದನ್ನು ವಿಚಾರಿಸುವವರು ಎರಡು ಬಗೆ: ಬೋರ್ಡ್ ಗೇಮ್ ಹುಚ್ಚು ಹತ್ತಿದವರು, ಮತ್ತೆ ಪಿಯುಸಿ, ಪದವಿ ತರಗತಿಗೆ ಇತಿಹಾಸ ಹೇಳುವವರು ಅಥವಾ ಕೆಎಎಸ್‌ಗೆ ಓದುವವರು. ಎರಡನೆಯವರಿಗೆ ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಪೈಪೋಟಿ ಹೇಗೆ ನಡೆಯಿತು ಎನ್ನುವುದನ್ನು ಈ ಆಟ ಬಹಳ ಚೆನ್ನಾಗಿ ತಲೆಗೆ ಇಳಿಸುತ್ತದೆ. ಒಟ್ಟಿಗೆ ಹೋರಾಡಿದವರು ಯಾಕೆ ಬೇರೆಯಾದರು ಎನ್ನುವುದನ್ನು ಮಾತ್ರ ಹೇಳುವುದಿಲ್ಲ. ಮೊದಲ ಕಾರ್ಡು ಬೀಳುವ ಹೊತ್ತಿಗೆ ಸ್ನೇಹ ಮುಗಿದಿರುತ್ತದೆ. ಆ ಭಾಗವನ್ನು ಬಿಲ್ಲೆ ಜೋಡಿಸುವಾಗ ಆಡಿಸುವವರೇ ತುಂಬಿಕೊಳ್ಳಬೇಕು.

ಜೋಡಣೆ ಹೀಗೆ. ಸೋವಿಯತ್ ಕಡೆಗೆ ಸಿರಿಯಾದಲ್ಲಿ 1, ಇರಾಕಿನಲ್ಲಿ 1, ಉತ್ತರ ಕೊರಿಯಾದಲ್ಲಿ 3, ಪೂರ್ವ ಜರ್ಮನಿಯಲ್ಲಿ 3, ಫಿನ್ಲೆಂಡಿನಲ್ಲಿ 1 ಪ್ರಭಾವದ ಅಂಕ. ಇನ್ನು 6 ಪೂರ್ವ ಯುರೋಪಿನಲ್ಲಿ ಇಷ್ಟಬಂದಲ್ಲಿ. ಆಮೇಲೆ ಅಮೆರಿಕ: ಬ್ರಿಟನ್ 5, ಆಸ್ಟ್ರೇಲಿಯಾ 4, ಕೆನಡಾ 2, ಇರಾನ್, ಇಸ್ರೇಲ್, ಜಪಾನ್, ಫಿಲಿಪ್ಪೀನ್ಸ್, ದಕ್ಷಿಣ ಕೊರಿಯಾ, ಪನಾಮಾ, ದಕ್ಷಿಣ ಆಫ್ರಿಕಾ ತಲಾ 1, ಪಶ್ಚಿಮ ಯುರೋಪಿನಲ್ಲಿ ಇಷ್ಟಬಂದಂತೆ 7. ಪ್ರತಿ ದೇಶಕ್ಕೂ 1ರಿಂದ 5ರವರೆಗೆ ಒಂದು ಸ್ಥಿರತೆಯ ಅಂಕೆ ಇದೆ. ಎದುರಾಳಿಗಿಂತ ಕನಿಷ್ಠ ಅಷ್ಟು ಅಂಕ ಹೆಚ್ಚಿದ್ದರೆ ಮಾತ್ರ ಆ ದೇಶ ನಿಮ್ಮ ಹಿಡಿತದಲ್ಲಿದೆ ಎಂದು ಲೆಕ್ಕ. ಹೊಸಬರು ಮೊದಲು ತಪ್ಪುವುದೇ ಇಲ್ಲಿ. ಪಶ್ಚಿಮ ಜರ್ಮನಿಗೆ ಸ್ಥಿರತೆ 4; ಅಲ್ಲಿ 3 ಇಟ್ಟು ‘ನಮ್ಮದು’ ಅಂದರೆ ಆಗುವುದಿಲ್ಲ. ಸುರಕ್ಷಿತ ಆರಂಭ ಬೇಕಿದ್ದರೆ ಅಮೆರಿಕದವರು ಪಶ್ಚಿಮ ಜರ್ಮನಿಗೆ 4, ಇಟಲಿಗೆ 3 ಹಾಕಲಿ. ಸೋವಿಯತ್‌ನವರು ಪೋಲೆಂಡಿಗೆ 4, ಪೂರ್ವ ಜರ್ಮನಿಗೆ ಇನ್ನೂ 1, ಯುಗೊಸ್ಲಾವಿಯಾಕ್ಕೆ 1.

ದೇಶಗಳನ್ನು ಹೀಗೆ ಅಂಕ ಹಾಕಿ ಹಂಚುವುದು ಆಟದವರ ಕಲ್ಪನೆ ಮಾತ್ರ ಅಂದುಕೊಳ್ಳಬೇಡಿ. 1944ರ ಅಕ್ಟೋಬರಿನಲ್ಲಿ, ಹಿಟ್ಲರ್ ಇನ್ನೂ ಬದುಕಿರುವಾಗಲೇ, ಮಾಸ್ಕೋದಲ್ಲಿ ಚರ್ಚಿಲ್ ಒಂದು ಚೀಟಿಯಲ್ಲಿ ಬರೆದು ಸ್ಟಾಲಿನ್ ಮುಂದೆ ಸರಿಸಿದ್ದು ಇದನ್ನೇ: ರುಮೇನಿಯಾದಲ್ಲಿ ರಷ್ಯಾಕ್ಕೆ ಶೇ. 90, ಗ್ರೀಸಿನಲ್ಲಿ ಬ್ರಿಟನ್ನಿಗೆ ಶೇ. 90, ಬಲ್ಗೇರಿಯಾದಲ್ಲಿ ರಷ್ಯಾಕ್ಕೆ ಶೇ. 75, ಹಂಗೇರಿ ಮತ್ತು ಯುಗೊಸ್ಲಾವಿಯಾ ಅರ್ಧರ್ಧ. ಸ್ಟಾಲಿನ್ ನೀಲಿ ಪೆನ್ಸಿಲಿನಲ್ಲಿ ಒಂದು ಗೀಟು ಹಾಕಿದ. ಚೀಟಿಯಲ್ಲಿ ಪೋಲೆಂಡಿನ ಹೆಸರಿರಲಿಲ್ಲ, ಮುಂದೆ ಜಗಳ ಹತ್ತಿದ್ದು ಮುಖ್ಯವಾಗಿ ಅದರ ಮೇಲೆಯೇ. 1945ರ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ‘ಮುಕ್ತ ಚುನಾವಣೆ’ ಎಂದು ಒಪ್ಪಿದ್ದಾಯಿತು. 1947ರ ಜನವರಿಯಲ್ಲಿ ನಡೆದ ಚುನಾವಣೆ ಮುಕ್ತವಾಗಿರಲಿಲ್ಲ. ಆ 6 ಅಂಕ ಇಡುವ ಮೊದಲು ಇಷ್ಟು ಹೇಳಿದರೆ ಸಾಕು, ಹುಡುಗರು ಪೋಲೆಂಡಿಗೆ ಯಾಕೆ 4 ಹೋಗುತ್ತದೆ ಎಂದು ಕೇಳುವುದಿಲ್ಲ.

ಆಟದ ಅತ್ಯುತ್ತಮ ಪಾಠ ಇರುವುದು ಇರಾನಿನ ಚೌಕದಲ್ಲಿ. ಸೋವಿಯತ್‌ನವರ ಮೊದಲ ಸರದಿ ಬಹುತೇಕ ಎಲ್ಲ ಆಟದಲ್ಲೂ ಅಲ್ಲಿ ನಡೆಸುವ ಕ್ಷಿಪ್ರಕ್ರಾಂತಿಯೇ. ಲೆಕ್ಕ ಸರಳ: ದಾಳದ ಅಂಕೆಗೆ ಕಾರ್ಡಿನ ಮೇಲೆ ಅಚ್ಚಾಗಿರುವ ಮೌಲ್ಯ ಕೂಡಿಸಿ, ಸ್ಥಿರತೆಯ ಎರಡರಷ್ಟು ಕಳೆಯಿರಿ. ಇರಾನಿನ ಸ್ಥಿರತೆ 2. ಕೈಯಲ್ಲಿ 3ರ ಕಾರ್ಡು ಇದೆ, ದಾಳ 4 ಬಿತ್ತು ಅಂದರೆ 4+3−4=3. ಅದರಲ್ಲಿ 1 ಅಮೆರಿಕದ ಬಿಲ್ಲೆಯನ್ನು ಎತ್ತಿಸುತ್ತದೆ, ಉಳಿದ 2 ಸೋವಿಯತ್ ಬಿಲ್ಲೆಯಾಗಿ ಕೂರುತ್ತದೆ. ಇರಾನ್ ಕೈ ಬದಲಾಯಿತು. ಅಮೆರಿಕಕ್ಕೆ ಈಗ ಪಾಕಿಸ್ತಾನ, ಭಾರತದ ಕಡೆಗೆ ಹೋಗುವ ದಾರಿ ಕಡಿದುಹೋಯಿತು, ಯಾಕೆಂದರೆ ಹೊಸ ಅಂಕ ಇಡಬೇಕಾದರೆ ಆ ದೇಶದಲ್ಲೋ ಪಕ್ಕದ ದೇಶದಲ್ಲೋ ತಮ್ಮ ಬಿಲ್ಲೆ ಮೊದಲೇ ಇರಬೇಕು.

ಚರಿತ್ರೆಯಲ್ಲಿ ನಡೆದದ್ದು ಹೀಗೆ: 1941ರ ಆಗಸ್ಟಿನಲ್ಲಿ ಬ್ರಿಟನ್ ಮತ್ತು ಸೋವಿಯತ್ ಸೇನೆಗಳು ಜೊತೆಯಾಗಿಯೇ ಇರಾನಿಗೆ ನುಗ್ಗಿದವು, ಅಮೆರಿಕದ ಲಾರಿ, ಮದ್ದುಗುಂಡು ರಷ್ಯಾಕ್ಕೆ ಹೋಗಲು ಅದೊಂದು ಮುಖ್ಯ ದಾರಿಯಾಯಿತು. 1943ರ ನವೆಂಬರ್ ಕೊನೆಗೆ ರೂಸ್‌ವೆಲ್ಟ್, ಚರ್ಚಿಲ್, ಸ್ಟಾಲಿನ್ ಮೂವರೂ ಟೆಹರಾನಿನಲ್ಲೇ ಸೇರಿದರು. ಯುದ್ಧ ಮುಗಿದು ಆರು ತಿಂಗಳೊಳಗೆ ಸೇನೆ ವಾಪಸು ಎಂದು 1942ರಲ್ಲಿ ಒಪ್ಪಂದವಾಗಿತ್ತು. ಗಡುವು 1946ರ ಮಾರ್ಚ್ 2. ಬ್ರಿಟಿಷರು ಹೊರಟರು, ರಷ್ಯನ್ನರು ಹೊರಡಲಿಲ್ಲ. ಇರಾನ್ ಆಗಷ್ಟೇ ಹುಟ್ಟಿದ್ದ ಭದ್ರತಾ ಮಂಡಳಿಗೆ ದೂರು ಕೊಟ್ಟಿತ್ತು. ಮೇ ತಿಂಗಳ ಹೊತ್ತಿಗೆ ಸೇನೆ ಹಿಂದೆ ಸರಿಯಿತು. ಜೊತೆಯಾಗಿ ಕಾವಲು ಕಾದ ದಾರಿಯ ಮೇಲೆಯೇ ಮೊದಲ ಹಗ್ಗಜಗ್ಗಾಟ. ಆಟ ಅದನ್ನು ಕ್ಷಿಪ್ರಕ್ರಾಂತಿಯ ದಾಳಕ್ಕೆ ಇಳಿಸಿರುವುದು ಇತಿಹಾಸದ ದೃಷ್ಟಿಯಿಂದ ತಪ್ಪು, ಆದರೂ ಅಲ್ಲಿಂದಲೇ ಶುರುವಾಗುತ್ತದಲ್ಲ, ಅದು ಸರಿ.

ಆಟದ ಜೀವ ಇರುವುದು ಇನ್ನೊಂದು ನಿಯಮದಲ್ಲಿ. ಹೆಚ್ಚಿನ ಕಾರ್ಡುಗಳಲ್ಲಿ ಮೌಲ್ಯದ ಜೊತೆಗೆ ಚರಿತ್ರೆಯ ಒಂದು ಘಟನೆಯೂ ಇರುತ್ತದೆ, ಅದು ಒಂದು ಕಡೆಯವರಿಗೆ ಅನುಕೂಲದ್ದಾಗಿರಬಹುದು. ಕೈಗೆ ಬಂದ ಕಾರ್ಡು ಎದುರಾಳಿಯ ಘಟನೆಯದ್ದಾದರೆ, ನೀವು ಅದನ್ನು ಅಂಕಕ್ಕೆಂದು ಬಳಸಿದರೂ ಆ ಘಟನೆ ನಡೆದೇ ತೀರುತ್ತದೆ. ಅಂದರೆ ಎದುರಿನವರಿಗೆ ಒಳ್ಳೆಯದಾಗುವ ಕೆಲಸವನ್ನು ನಿಮ್ಮ ಕೈಯಿಂದಲೇ ಮಾಡಬೇಕು. ಯಾವಾಗ ಮಾಡಿದರೆ ಕಡಿಮೆ ನಷ್ಟ ಎನ್ನುವುದೊಂದೇ ನಿಮ್ಮ ಆಯ್ಕೆ. ತಪ್ಪಿಸಿಕೊಳ್ಳಲು ದಾರಿ ಎರಡು: ಸುತ್ತಿಗೊಂದು ಕಾರ್ಡನ್ನು ಬಾಹ್ಯಾಕಾಶ ಪೈಪೋಟಿಗೆ ಎಸೆಯುವುದು (ಆರಂಭದಲ್ಲಿ ಮೌಲ್ಯ 2 ಅಥವಾ ಹೆಚ್ಚಿನದ್ದೇ ಆಗಬೇಕು), ಇಲ್ಲವೇ ವಿಶ್ವಸಂಸ್ಥೆಯ ಹಸ್ತಕ್ಷೇಪದ ಕಾರ್ಡನ್ನು ಜೊತೆಗಿಟ್ಟು ಘಟನೆಯನ್ನು ರದ್ದು ಮಾಡುವುದು.

ಒಂದು ಕಾರ್ಡಿನ ಉದಾಹರಣೆ ಸಾಕು. ಬರ್ಲಿನ್ ದಿಗ್ಬಂಧನದ ಕಾರ್ಡಿನ ಮೌಲ್ಯ ಬರೀ 1. ಅದು ಬಿದ್ದ ಕ್ಷಣ ಅಮೆರಿಕದವರು ಮೌಲ್ಯ 3 ಅಥವಾ ಹೆಚ್ಚಿನ ಒಂದು ಕಾರ್ಡನ್ನು ಎಸೆಯಬೇಕು. ಕೈಯಲ್ಲಿ ಇಲ್ಲದಿದ್ದರೆ ಪಶ್ಚಿಮ ಜರ್ಮನಿಯ ಬಿಲ್ಲೆಯೆಲ್ಲ ಖಾಲಿ. ಹಾಗಾಗಿ ಅದು ಹೊರಬೀಳುವ ತನಕ ಅಮೆರಿಕದವರು ಒಂದು ದೊಡ್ಡ ಕಾರ್ಡನ್ನು ಕೊನೆಯವರೆಗೂ ಹಿಡಿದಿಟ್ಟುಕೊಳ್ಳಬೇಕು. ಹೊಸಬರು ಮರೆಯುತ್ತಾರೆ, ಯುರೋಪ್ ಕಳೆದುಕೊಳ್ಳುತ್ತಾರೆ. 1948ರ ಜೂನ್ 20ರಂದು ಜರ್ಮನಿಯ ಪಶ್ಚಿಮದ ವಲಯಗಳಲ್ಲಿ ಹೊಸ ಮಾರ್ಕ್ ಚಲಾವಣೆಗೆ ಬಂತು, 24ರಂದು ಸೋವಿಯತ್‌ನವರು ಪಶ್ಚಿಮ ಬರ್ಲಿನ್ನಿನ ರಸ್ತೆ, ರೈಲು ಬಂದ್ ಮಾಡಿದರು. ಆಕಾಶದಿಂದ ಸುಮಾರು 23 ಲಕ್ಷ ಟನ್ ಕಲ್ಲಿದ್ದಲು, ಹಿಟ್ಟು, ಸಾಮಾನು ಇಳಿಸಬೇಕಾಯಿತು. 1949ರ ಮೇ 12ರಂದು ದಿಗ್ಬಂಧನ ತೆರವಾಯಿತು. ಕೈಯಲ್ಲಿದ್ದ ದೊಡ್ಡದೊಂದನ್ನು ಸುರಿದು ಜರ್ಮನಿಯನ್ನು ಉಳಿಸಿಕೊಂಡದ್ದು ಹಾಗೆ. ಈ ಕಾರ್ಡು ಬರೆದವರಿಗೆ ಪೂರ್ಣ ಅಂಕ.

ಈಗ ಡೆಫ್ಕಾನ್. ಇದು 5ರಿಂದ 1ಕ್ಕೆ ಇಳಿಯುವ ಅಣುಯುದ್ಧದ ಪಟ್ಟಿ. ಆಯಕಟ್ಟಿನದು ಎಂದು ನಕ್ಷೆಯಲ್ಲಿ ಗುರುತಿಸಿರುವ ದೇಶದಲ್ಲಿ ಕ್ಷಿಪ್ರಕ್ರಾಂತಿ ಮಾಡಿದಾಗಲೆಲ್ಲ ಒಂದು ಇಳಿಯುತ್ತದೆ. 4ಕ್ಕೆ ಬಂದರೆ ಯುರೋಪಿನಲ್ಲಿ, 3ಕ್ಕೆ ಏಷ್ಯಾದಲ್ಲಿ, 2ಕ್ಕೆ ಮಧ್ಯಪ್ರಾಚ್ಯದಲ್ಲಿ ಕ್ಷಿಪ್ರಕ್ರಾಂತಿ ನಿಷಿದ್ಧ. 1 ಆದರೆ ಆಟ ಮುಗಿಯಿತು, ಯಾರ ಸರದಿಯಲ್ಲಿ ಆಯಿತೋ ಅವರೇ ಸೋತರು. ಇಳಿಸಿದವರು ಯಾರು ಎಂಬ ಪ್ರಶ್ನೆಯೇ ಇಲ್ಲ. ಹೊಸಬರ ಆಟ ಹೆಚ್ಚಾಗಿ ನಿಲ್ಲುವುದು ಇಲ್ಲೇ. ಪಟ್ಟಿ 2ರಲ್ಲಿರುವಾಗ ಸೋವಿಯತ್‌ನವರು ‘ಡಕ್ ಆಂಡ್ ಕವರ್’ ಕಾರ್ಡನ್ನು ಅಂಕಕ್ಕೆಂದು ಹಾಕುತ್ತಾರೆ, ಘಟನೆ ನಡೆದು ಪಟ್ಟಿ 1ಕ್ಕೆ ಇಳಿಯುತ್ತದೆ, ಮುಗಿಯಿತು ಕಥೆ. ‘ಸಿಐಎ ಕ್ರಿಯೇಟೆಡ್’ ಕೂಡ ಅಷ್ಟೇ ಅಪಾಯ: ಸೋವಿಯತ್ ಸರದಿಯಲ್ಲೇ ಅಮೆರಿಕದವರು ಕ್ಷಿಪ್ರಕ್ರಾಂತಿ ಮಾಡಿಬಿಡಬಹುದು. ಪಟ್ಟಿ 2ಕ್ಕೆ ಬರುವ ಮೊದಲೇ ಇಂಥ ಕಾರ್ಡನ್ನು ಬಾಹ್ಯಾಕಾಶಕ್ಕೋ ಇನ್ನೆಲ್ಲಿಗೋ ಸಾಗಹಾಕಿ. ಇನ್ನೊಂದು ಗುಂಡಿ: ಒಂದು ಪ್ರದೇಶದಲ್ಲಿ ಯಾರ ಹಿಡಿತ ಎಷ್ಟು ಎಂದು ನೋಡಿ ಗೆಲುವಿನ ಅಂಕ ಎಣಿಸುವ ಕಾರ್ಡನ್ನು ಆ ಸುತ್ತಿನೊಳಗೇ ಆಡಬೇಕು, ಕೈಯಲ್ಲಿ ಉಳಿಸಿಕೊಂಡರೆ ನೇರ ಸೋಲು.

ಏನಿಲ್ಲ ಎಂದು ಹೇಳುವುದಾದರೆ, ಮೊದಲಿಗೆ ಬ್ರಿಟನ್ ಇಲ್ಲ. ನಕ್ಷೆಯಲ್ಲಿ ಇದೆ, 5 ಅಂಕ ಹೊತ್ತ ಅಮೆರಿಕದ ಬಾಲವಾಗಿ. ಮೈತ್ರಿಕೂಟದಲ್ಲಿ ದೊಡ್ಡವರು ಮೂವರಿದ್ದರು. ಮೂರನೆಯವನ ಜೇಬು ಖಾಲಿಯಾದದ್ದೇ ಉಳಿದಿಬ್ಬರನ್ನು ಮುಖಾಮುಖಿ ನಿಲ್ಲಿಸಿತು. 1947ರ ಫೆಬ್ರವರಿಯಲ್ಲಿ ಬ್ರಿಟನ್, ಗ್ರೀಸ್ ಮತ್ತು ಟರ್ಕಿಗೆ ಇನ್ನು ನೆರವು ಕೊಡಲು ತನ್ನಿಂದಾಗದು ಎಂದು ವಾಷಿಂಗ್ಟನ್ನಿಗೆ ತಿಳಿಸಿತು. ಮಾರ್ಚ್ 12ರಂದು ಅಮೆರಿಕದ ಅಧ್ಯಕ್ಷ ಟ್ರೂಮನ್ ಅದಕ್ಕೆಂದು ತನ್ನ ಸಂಸತ್ತಿನಲ್ಲಿ 40 ಕೋಟಿ ಡಾಲರ್ ಕೇಳಿದ. ಆಟದಲ್ಲಿ ಟ್ರೂಮನ್ ಸಿದ್ಧಾಂತ ಮೌಲ್ಯ 1ರ ಚಿಕ್ಕ ಕಾರ್ಡು, ಯುರೋಪಿನಲ್ಲಿ ಯಾರ ಹಿಡಿತದಲ್ಲೂ ಇಲ್ಲದ ಒಂದು ದೇಶದಿಂದ ಸೋವಿಯತ್ ಬಿಲ್ಲೆಗಳನ್ನು ತೆಗೆಸುತ್ತದೆ, ಅಷ್ಟೆ.

ಎರಡನೆಯದು ಬಲದ ಲೆಕ್ಕ. ಆಟದಲ್ಲಿ ಇಬ್ಬರೂ ಸಮಬಲರು, ಮೊದಲ ಮೂರು ಸುತ್ತಿನಲ್ಲಂತೂ ಸೋವಿಯತ್ ಕೈ ಮೇಲು; ಪಳಗಿದವರು ಅಮೆರಿಕಕ್ಕೆ 2 ಅಂಕ ಹೆಚ್ಚುವರಿ ಕೊಟ್ಟೇ ಕೂರುತ್ತಾರೆ. 1945ರ ನಿಜ ಬೇರೆ. ಸೋವಿಯತ್ ಕಡೆ ಸತ್ತವರು ಸುಮಾರು 2.7 ಕೋಟಿ, ಪಶ್ಚಿಮ ಭಾಗವೆಲ್ಲ ಬೂದಿ. ಅಮೆರಿಕ ಕಳೆದುಕೊಂಡದ್ದು ನಾಲ್ಕು ಲಕ್ಷ ಚಿಲ್ಲರೆ ಸೈನಿಕರನ್ನು. ಕಾರ್ಖಾನೆಗಳಿಗೆ ಏಟೇ ಬಿದ್ದಿರಲಿಲ್ಲ. ಯುದ್ಧಕಾಲದಲ್ಲಿ ರಷ್ಯಾಕ್ಕೆ ಸುಮಾರು 1,100 ಕೋಟಿ ಡಾಲರಿನ ಸಾಮಾನು ಕಳಿಸಿದ್ದ ಅಮೆರಿಕ, ಜರ್ಮನಿ ಶರಣಾದ ನಾಲ್ಕೇ ದಿನಕ್ಕೆ, 1945ರ ಮೇ 12ರಂದು, ಅದನ್ನು ಥಟ್ಟನೆ ಕತ್ತರಿಸಿತು. ಹೊರಟ ಹಡಗುಗಳನ್ನೂ ತಿರುಗಿಸುವಂತೆ ಆದೇಶ ಹೋಯಿತು. ಆ ಹಡಗಿನ ಆದೇಶವನ್ನು ಬೇಗ ಹಿಂತೆಗೆದುಕೊಂಡರೂ ಮಾಸ್ಕೋ ಮರೆಯಲಿಲ್ಲ. ಜರ್ಮನಿಯಿಂದ ಪರಿಹಾರ ಎಷ್ಟು ಎನ್ನುವ ತಕರಾರು ಬೇರೆ. ಇದ್ಯಾವುದೂ ಪೆಟ್ಟಿಗೆಯಲ್ಲಿಲ್ಲ.

ಚೀನಾ ಕಾರ್ಡಂತೂ ವಿಚಿತ್ರ. ಮೌಲ್ಯ 4, ಪೂರ್ತಿ ಏಷ್ಯಾದಲ್ಲೇ ಬಳಸಿದರೆ 5. ಬಳಸಿದ ಮೇಲೆ ಎದುರಾಳಿಗೆ ಹೋಗುತ್ತದೆ. ಅದು ಆರಂಭದಲ್ಲೇ ಸೋವಿಯತ್ ಕೈಯಲ್ಲಿರುತ್ತದೆ. ನಿಜದಲ್ಲಿ 1945ರ ಆಗಸ್ಟಿನಲ್ಲಿ ಸ್ಟಾಲಿನ್ ಒಪ್ಪಂದ ಮಾಡಿಕೊಂಡದ್ದು ಮಾವೋನ ಎದುರಾಳಿ ಚಿಯಾಂಗ್ ಕೈ ಶೇಕ್ ಸರಕಾರದ ಜೊತೆ, ಮಾವೋ ಗೆದ್ದದ್ದು 1949ರಲ್ಲಿ.

ಭಾರತದ ಬಗ್ಗೆ ಕೇಳುವವರಿಗೆ: ಸ್ಥಿರತೆ 3, ಆಯಕಟ್ಟಿನ ದೇಶ, ಆರಂಭದಲ್ಲಿ ಖಾಲಿ. ಭಾರತ-ಪಾಕಿಸ್ತಾನ ಯುದ್ಧಕ್ಕೊಂದು ಕಾರ್ಡು ಉಂಟು. ಅಲಿಪ್ತ ಚಳವಳಿಗೆ ಒಂದೂ ಇಲ್ಲ. ಏಷ್ಯಾ-ಆಫ್ರಿಕಾ ದೇಶಗಳು ಸೇರಿದ 1955ರ ಬಾಂಡುಂಗ್ ಸಮ್ಮೇಳನ ನಕ್ಷೆಯ ಮೇಲೆ ಕಾಣುವುದೇ ಇಲ್ಲ. ಯಾರ ಕಡೆಗೂ ಸೇರದಿರುವುದೂ ಒಂದು ನೀತಿ ಎಂಬುದು ಈ ಆಟಕ್ಕೆ ಅರ್ಥವಾಗದು. ಇದರ ಲೆಕ್ಕದಲ್ಲಿ ಖಾಲಿ ಚೌಕವೆಂದರೆ ಇನ್ನೂ ಯಾರೂ ಹಿಡಿಯದ ಜಾಗ. ತರಗತಿಯಲ್ಲಿ ಚರ್ಚೆಗೆ ಒಳ್ಳೆಯ ವಿಷಯ, ಹಾಗೆ ನೋಡಿದರೆ.

ಕರಾವಳಿಯಲ್ಲಿ ಇದನ್ನು ಇಟ್ಟುಕೊಳ್ಳುವುದು ಬೇರೆಯೇ ಕೆಲಸ. ಜೂನ್‌ನಿಂದ ಸೆಪ್ಟೆಂಬರ್ ತನಕದ ತೇವಕ್ಕೆ ರಟ್ಟಿನ ನಕ್ಷೆ ಮಡಿಕೆಯಲ್ಲಿ ಸೊಟ್ಟಗಾಗುತ್ತದೆ, ಬಿಲ್ಲೆಯ ಅಂಚು ಬಿಡುತ್ತದೆ, ಕಾರ್ಡು ಒಂದಕ್ಕೊಂದು ಅಂಟುತ್ತದೆ. ಪೆಟ್ಟಿಗೆಯನ್ನು ನಿಲ್ಲಿಸಬೇಡಿ, ಮಲಗಿಸಿ. ಹೊರಗೋಡೆಗೆ ತಾಗಿದ ಕಪಾಟು ಬೇಡ. ಒಳಗೆ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಣ್ಣ ಬದಲಾದಾಗ ಬೇರೆ ಹಾಕಿ. ಕಾರ್ಡಿಗೆ 63.5×88 ಮಿಲಿಮೀಟರಿನ ಪ್ಲಾಸ್ಟಿಕ್ ಕವರ್ ಹಾಕಲೇಬೇಕು. 50ರ ಪ್ಯಾಕ್ ಆದರೆ ಮೂರು ಬೇಕು. ಏಪ್ರಿಲ್-ಮೇ ಸೆಕೆಗೆ ಫ್ಯಾನ್ ನಿಲ್ಲಿಸಿ ಆಡಲು ಯಾರಿಂದಲೂ ಆಗದು, ಎಸೆದ ಕಾರ್ಡಿನ ರಾಶಿಯ ಮೇಲೆ ಏನಾದರೂ ಭಾರ ಇಡಿ. ಮೇಜು ಕನಿಷ್ಠ 4×3 ಅಡಿ ಇರಲಿ.

ಪೂರ್ತಿ ಆಟಕ್ಕೆ ಮೂರು ಗಂಟೆ, ಮೊದಲ ಸಲವಾದರೆ ನಾಲ್ಕು ಇಟ್ಟುಕೊಳ್ಳಿ. ತರಗತಿಗೆ ಪೂರ್ತಿ ಬೇಡವೇ ಬೇಡ. ಮೊದಲ ಮೂರು ಸುತ್ತು, ಅಂದರೆ ಯುದ್ಧಾರಂಭದ ಕಾರ್ಡುಗಳಷ್ಟೇ ಸಾಕು. ಕೈಗೆ 8 ಕಾರ್ಡು, ಸುತ್ತಿಗೆ 6 ಸರದಿ. ನಾಲ್ಕನೇ ಸುತ್ತಿನಿಂದ ಕೈಗೆ 9, ಸರದಿ 7, ಅಷ್ಟರಲ್ಲಿ ಹುಡುಗರ ಗಮನ ಬೇರೆಲ್ಲೋ ಹೋಗಿರುತ್ತದೆ. ಎರಡು ಕಡೆಗೂ ನಾಲ್ಕು ನಾಲ್ಕು ಮಂದಿಯ ತಂಡ ಮಾಡಿ, ಕಾರ್ಡು ಆರಿಸಲು ಎರಡು ನಿಮಿಷದ ಗಡುವು ಹಾಕಿ. ಕಾರ್ಡಿನ ಮೇಲಿರುವುದೆಲ್ಲ ಇಂಗ್ಲಿಷ್, ಅದೂ ವಕೀಲರ ಇಂಗ್ಲಿಷ್. ಕನ್ನಡ ಮಾಧ್ಯಮದವರಿಗೆ ಆರಂಭದ ಕಾರ್ಡುಗಳಿಗಷ್ಟೇ ಎರಡೆರಡು ಸಾಲಿನ ಕನ್ನಡ ಚೀಟಿ ಬರೆದು ಕವರಿನೊಳಗೆ ಹಿಂಬದಿಗೆ ಸೇರಿಸಬೇಡಿ, ಎದುರಾಳಿಗೆ ಕಾಣುತ್ತದೆ. ಪ್ರತ್ಯೇಕ ಹಾಳೆಯಲ್ಲಿ ಕಾರ್ಡಿನ ಸಂಖ್ಯೆ ಹಾಕಿ ಕೊಡಿ.

ಆಟಿಕೆ ಅಂಗಡಿಯಲ್ಲಿ ಕೇಳಿದರೆ ಸಿಗುವ ಸರಕಲ್ಲ, ಆನ್‌ಲೈನಿನಲ್ಲಿ ತರಿಸಬೇಕು. ಆಮದಾದ್ದರಿಂದ ಬೆಲೆ ಚುರುಕು ಮುಟ್ಟಿಸುತ್ತದೆ. ಹಳೆಯ ಪ್ರತಿ ಕೊಳ್ಳುವುದಾದರೆ ಮೊದಲು ಕಾರ್ಡು ಎಣಿಸಿ: 103 ಇದ್ದರೆ ಅದು ಹಿಂದಿನ ಆವೃತ್ತಿ, ನಕ್ಷೆ ಬರೀ ಕಾಗದ, ನಮ್ಮ ಮಳೆಗಾಲಕ್ಕೆ ತಡೆಯುವಂಥದ್ದಲ್ಲ. ದುಡ್ಡು ಹಾಕುವ ಮೊದಲು ರುಚಿ ನೋಡಬೇಕೆನ್ನುವವರಿಗೆ ಕಂಪ್ಯೂಟರ್, ಮೊಬೈಲ್ ಆವೃತ್ತಿ ಇದೆ. ಲೆಕ್ಕವೆಲ್ಲ ಅದೇ ಮಾಡುವುದರಿಂದ ನಿಯಮ ಬೇಗ ಕೈಗೆ ಬರುತ್ತದೆ, ನಕ್ಷೆಯ ಸುತ್ತ ನಿಂತು ವಾದ ಮಾಡುವ ಅವಕಾಶ ಮಾತ್ರ ಇರುವುದಿಲ್ಲ.