ನಾಶಿಕದ ಬಸಾಲ್ಟ್, ನಂದಿಯ ಕೆಮ್ಮಣ್ಣು: ಎರಡು ಸೀಮೆಯ ವೈನ್‌ಗಳ ಹೋಲಿಕೆ

ನಾಶಿಕದ ವೈನ್‌ಗಳನ್ನು ಹೊಗಳುವವರು ಅಲ್ಲಿನ ಜ್ವಾಲಾಮುಖಿ ಮಣ್ಣನ್ನೇ ಮೊದಲು ಹೆಸರಿಸುತ್ತಾರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದ ಲಾವಾ ಗಟ್ಟಿಯಾಗಿ ಬಸಾಲ್ಟ್ ಬಂಡೆಯಾಯಿತು. ಆ ಬಂಡೆ ಸವೆದು ತಗ್ಗಿನಲ್ಲಿ ಎರೆಮಣ್ಣಾಗಿ, ಇಳಿಜಾರಿನಲ್ಲಿ ಕಲ್ಲುಮಿಶ್ರಿತ ಗರಸಾಗಿ ಉಳಿದಿದೆ. ನಂದಿ ಬೆಟ್ಟದ ತಪ್ಪಲಿನ ತೋಟಗಳಿರುವುದು ಗ್ರಾನೈಟ್ ಮತ್ತು ನೈಸ್ ಶಿಲೆಗಳಿಂದಾದ ಕೆಂಪು ಮಣ್ಣಿನಲ್ಲಿ. ಈ ಎರಡೂ ಕಡೆಯ ಸೊವಿನ್ಯೋಂ ಬ್ಲಾಂಕ್ (ಬಿಳಿ) ಮತ್ತು ಶಿರಾಜ್ (ಕೆಂಪು) ದ್ರಾಕ್ಷಿ ತಳಿಗಳ ವೈನ್‌ಗಳನ್ನು, ಬೆಲೆಯೂ ಸುಗ್ಗಿಯ ವರ್ಷವೂ ಆದಷ್ಟು ಸಮೀಪವಿರುವಂತೆ ಆರಿಸಿ, ಕೊಪ್ಪಳದ ನಮ್ಮ ಮನೆಯಲ್ಲಿ ರೊಟ್ಟಿಯೂಟದ ಜೊತೆ ಅಕ್ಕಪಕ್ಕ ಇಟ್ಟು ರುಚಿ ನೋಡಿದ್ದೇನೆ.

ಬಿಳಿ ವೈನಿನಲ್ಲಿ ನಾಶಿಕವೇ ಮುಂದು. ಹಸಿ ಹುಲ್ಲು, ದೊಣ್ಣೆ ಮೆಣಸಿನಕಾಯಿ ಮತ್ತು ಪೇರಲ ಹಣ್ಣಿನ ವಾಸನೆ ಅದರಲ್ಲಿ ಸ್ಪಷ್ಟವಾಗಿತ್ತು, ಹುಳಿಯೂ ಚುರುಕಾಗಿತ್ತು. ನಂದಿಯದು ಹೆಚ್ಚು ಮಾಗಿದ, ಮೆತ್ತನೆಯ ವೈನ್. ತಣ್ಣಗಿದ್ದಾಗ ಚೆನ್ನಾಗಿದ್ದರೂ ಗ್ಲಾಸಿನಲ್ಲಿ ಸ್ವಲ್ಪ ಬೆಚ್ಚಗಾದೊಡನೆ ಸಪ್ಪೆಯೆನಿಸಿತು. ಆದರೆ ಈ ಗೆಲುವನ್ನು ಬಸಾಲ್ಟಿನ ಲೆಕ್ಕಕ್ಕೆ ಬರೆಯಲು ನನಗೆ ಮನಸ್ಸಿಲ್ಲ. ಬಂಡೆಯ ರುಚಿ ಬೇರಿನ ಮೂಲಕ ನೇರವಾಗಿ ಹಣ್ಣಿಗೆ ಏರುವುದಿಲ್ಲ. ಮಣ್ಣಿನ ಮುಖ್ಯ ಕೆಲಸ ನೀರನ್ನು ಎಷ್ಟು ಹಿಡಿಯಬೇಕು, ಎಷ್ಟು ಬಸಿಯಬೇಕು ಎಂಬುದು. ಎರಡೂ ಕಡೆ ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಫಲದ ಚಾಟನಿ (ಹಣ್ಣು ಬಿಡಲೆಂದು ಬಳ್ಳಿ ಸವರುವುದು) ಮಾಡಿ, ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲು ಮಾಡುತ್ತಾರೆ. ನಾಶಿಕ ಸುಮಾರು 600 ಮೀಟರ್ ಎತ್ತರದಲ್ಲಿದೆ, ನಂದಿಯ ತೋಟಗಳು ಸುಮಾರು 900 ಮೀಟರ್‌ನಲ್ಲಿವೆ. ಹಾಗಿದ್ದೂ ಉತ್ತರಕ್ಕಿರುವ ನಾಶಿಕದ ಚಳಿಗಾಲದ ರಾತ್ರಿಗಳೇ ಹೆಚ್ಚು ತಂಪು, ಮತ್ತು ಕಾಯಿ ಹಣ್ಣಾಗುವಾಗ ಹುಳಿ ಕರಗದಂತೆ ಉಳಿಸುವುದು ಆ ತಂಪು. ನಾಶಿಕ ಎಂಬ ಒಂದೇ ಹೆಸರಿನೊಳಗೂ ಹವೆ ಒಂದೇ ಅಲ್ಲ: ಘಟ್ಟದ ಅಂಚಿನ ಇಗತ್‌ಪುರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿದರೆ, ಪೂರ್ವದ ಸಿನ್ನರ್ ಮತ್ತು ಯೇವಲಾ ಬರದ ಸೀಮೆಗಳು, ನಿಫಾಡದಲ್ಲಿಯಂತೂ ಚಳಿಗಾಲದ ಉಷ್ಣಾಂಶ ಒಂದಂಕಿಗೆ ಇಳಿಯುತ್ತದೆ. ಆದ್ದರಿಂದ ಲೇಬಲ್ ಮೇಲೆ ತೋಟ ಯಾವ ತಾಲ್ಲೂಕಿನದೆಂದು ಬರೆದಿದ್ದರೆ ಅದು ‘ಜ್ವಾಲಾಮುಖಿ ಮಣ್ಣು’ ಎಂಬ ವಿಶೇಷಣಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕೆಂಪಿನಲ್ಲಿ ನಂದಿಯ ಶಿರಾಜ್ ನನಗೆ ಹಿಡಿಸಿತು. ಅದರ ಒಗರು ಹದವಾಗಿತ್ತು, ಕರಿಮೆಣಸಿನ ಘಮವಿತ್ತು, ಎಣ್ಣೆಗಾಯಿಯ ಶೇಂಗಾ ಮಸಾಲೆಗೆ ಹೊಂದಿಕೊಂಡಿತು. ನಾಶಿಕದ್ದು ಗಾಢವೂ ಓಕ್ ಮರದ ವಾಸನೆಯದೂ ಆಗಿತ್ತು. ಬರಿದಾಗಿ ಕುಡಿದರೆ ಸೊಗಸು, ಆದರೆ ಕೆಂಪು ಹಿಂಡಿಯ (ಮೆಣಸಿನಕಾಯಿ ಚಟ್ನಿಯ) ಜೊತೆ ಆಲ್ಕೋಹಾಲ್ ಮತ್ತು ಖಾರ ಒಂದನ್ನೊಂದು ಕೆಣಕಿ ನಾಲಿಗೆ ಉರಿಸಿದವು. ಖಾರದೂಟಕ್ಕೆ ತುಸು ಸಿಹಿ ಉಳಿಸಿರುವ ನಾಶಿಕದ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ಎರಡೂ ಶಿರಾಜ್‌ಗಳಿಗಿಂತ ಲೇಸು. ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕುಡಿಯಬೇಕೆಂಬ ಮಾತು ಯುರೋಪಿನ ಕೋಣೆಗೆ ಸಲ್ಲುವಂಥದು. ನಮ್ಮ ಬೇಸಿಗೆಯ 40 ಡಿಗ್ರಿಯಲ್ಲಿ ಬಾಟಲಿಯನ್ನು ಮೊದಲು ಅರ್ಧ ಗಂಟೆಯಾದರೂ ಫ್ರಿಜ್‌ನಲ್ಲಿಡಬೇಕು.

ನಮ್ಮ ಕೊಪ್ಪಳ ಜಿಲ್ಲೆಯಲ್ಲೇ ಬೆಳೆದು ‘ಹಂಪಿ ಹಿಲ್ಸ್’ ಹೆಸರಿನಲ್ಲಿ ಬರುವ ಕ್ಯಾಬರ್ನೆ ಸೊವಿನ್ಯೋಂ ಬೇರೆ ತಳಿಯದು, ಬೆಲೆಯೂ ಮೇಲಿನದು. ಹಾಗಾಗಿ ಅದನ್ನು ಈ ಸಾಲಿನಲ್ಲಿ ನಿಲ್ಲಿಸಲಿಲ್ಲ. ನಮ್ಮ ಮಸಾರಿ (ಕೆಂಪು ಮಣ್ಣಿನ) ಸೀಮೆಯ ಶಿರಾಜ್ ಸಿಕ್ಕಿದರೆ ಅದನ್ನು ನಂದಿಯದರ ಪಕ್ಕದಲ್ಲೇ ಇಟ್ಟು ನೋಡುವೆನು. ಸದ್ಯಕ್ಕೆ ಬೇಸಿಗೆಗೆ ನಾಶಿಕದ ಬಿಳಿ, ಎಣ್ಣೆಗಾಯಿ ಮಾಡಿದ ದಿನ ನಂದಿಯ ಕೆಂಪು.