ಆರರ ಜೊತೆ ಇನ್ನೊಂದು: ಎರಡು ಡಾರ್ಟ್ ಗನ್ ಸೇರಿಸಿ ಮೂರು ವರ್ಷ ಆಡಿದ ಮೇಲೆ

ನಮ್ಮ ಮನೆಯ ಆಟದ ಗನ್ನಿಗೆ ಎರಡು ನಳಿಗೆ, ಎರಡು ಟ್ರಿಗರ್, ಒಟ್ಟು ಏಳು ಸ್ಪಂಜಿನ ಡಾರ್ಟ್. ಮೇಲಿನದ್ದು ನರ್ಫ್ ಬ್ರಾಂಡಿನ ಸ್ಟ್ರಾಂಗ್‌ಆರ್ಮ್. ಅದರ ಬಲಬದಿಗೆ, ಸ್ವಲ್ಪ ಕೆಳಗೆ ಅಂಟಿಕೊಂಡಿರುವುದು ಕುಂಬಳೆ ದೇವಸ್ಥಾನದ ಬೆಡಿಯ (ಜಾತ್ರೆಯ ಸುಡುಮದ್ದಿನ) ದಿನ ಸಂತೆಯಲ್ಲಿ 150 ರೂಪಾಯಿ ಕೊಟ್ಟು ತೆಗೆದ ಹೆಸರಿಲ್ಲದ ಪುಟ್ಟ ಗನ್. ಸ್ಟ್ರಾಂಗ್‌ಆರ್ಮ್ ನಾವು ಕೊಂಡದ್ದಲ್ಲ, 2022ರ ಡಿಸೆಂಬರಿನಲ್ಲಿ ಶಾರ್ಜಾದಿಂದ ಊರಿಗೆ ಬಂದ ಭಾವ ಮಗಳಿಗೆಂದು ತಂದದ್ದು. ಮರುತಿಂಗಳೇ ನಾನು ಅದಕ್ಕೆ ಗರಗಸ ಹಿಡಿದೆ. ಭಾವನಿಗೆ ಇವತ್ತಿಗೂ ಆ ಬೇಸರ ಹೋಗಿಲ್ಲ.

ಸೇರಿಸಿದ್ದು ಯಾಕೆ ಅಂದರೆ, ಅಕ್ಕನ ಮಗ ಎಣಿಸುತ್ತಿದ್ದ. ಸ್ಟ್ರಾಂಗ್‌ಆರ್ಮ್‌ನಲ್ಲಿ ಆರು ಡಾರ್ಟ್. ಅವನು ಬೈಹುಲ್ಲಿನ ರಾಶಿಯ ಹಿಂದೆ ಕೂತು ಒಂದು, ಎರಡು ಅಂತ ಲೆಕ್ಕ ಹಾಕುತ್ತಾನೆ, ಆರಾದ ಕೂಡಲೇ ಎದ್ದು ಕಿರುಚುತ್ತಾ ಓಡಿ ಬರುತ್ತಾನೆ. ಮಗಳು ಆಗ ಡಾರ್ಟ್ ಕೂರುವ ಉರುಳೆ ಹೊರಗೆ ತೆಗೆದು ಡಾರ್ಟ್ ತುಂಬುತ್ತಾ ಕೂತಿರುತ್ತಾಳೆ. ಒಂದೇ ಒಂದು ಜಾಸ್ತಿ ಇದ್ದಿದ್ದರೆ, ಅಲ್ವಾ? ಆ ಒಂದಕ್ಕಾಗಿ ಇಷ್ಟೆಲ್ಲ.

ಸ್ಟ್ರಾಂಗ್‌ಆರ್ಮ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಇದು ನರ್ಫ್ ಮಾಡುವ ಹ್ಯಾಸ್‌ಬ್ರೋ ಕಂಪೆನಿಯವರು 2012ರಲ್ಲಿ ಶುರು ಮಾಡಿದ ಎಲೈಟ್ ಸಾಲಿನದ್ದು. ಬ್ಯಾಟರಿ ಇಲ್ಲ, ಮೋಟಾರ್ ಇಲ್ಲ. ಮೇಲಿನ ಸ್ಲೈಡ್ ಹಿಂದಕ್ಕೆ ಎಳೆದರೆ ಒಳಗಿನ ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ, ಟ್ರಿಗರ್ ಒತ್ತಿದರೆ ಸ್ಪ್ರಿಂಗ್ ಬಿಟ್ಟು ಪಿಸ್ಟನ್ನು ಗಾಳಿಯನ್ನು ನೂಕುತ್ತದೆ, ಆ ಗಾಳಿ ಡಾರ್ಟನ್ನು ನೂಕುತ್ತದೆ. ಸೈಕಲ್ ಪಂಪು ಗೊತ್ತಿದ್ದವರಿಗೆ ಇದೂ ಗೊತ್ತು. ಟ್ರಿಗರ್ ಒತ್ತಿಯೇ ಹಿಡಿದು ಸ್ಲೈಡ್ ಮಾತ್ರ ಹಿಂದೆ ಮುಂದೆ ಆಡಿಸಿದರೆ ಆರೂ ಪಟಪಟ ಹೋಗುತ್ತವೆ. ಪೆಟ್ಟಿಗೆಯ ಮೇಲೆ 27 ಮೀಟರ್ ವರೆಗೆ ಅಂತ ಇದೆ. ನಮ್ಮ ಅಂಗಳ ಅಷ್ಟು ಉದ್ದ ಇಲ್ಲ, ಹಾಗಾಗಿ ಆ ವಿಷಯಕ್ಕೆ ನಾನು ಹೋಗುವುದಿಲ್ಲ. ಮೂರು ವರ್ಷದಲ್ಲಿ ಇದರ ಮೂಲ ಭಾಗ ಯಾವುದೂ ಕೈಕೊಟ್ಟಿಲ್ಲ. ಹಾಳಾದದ್ದೆಲ್ಲ ನಾನು ಮಾಡಿದ ಭಾಗ.

ಒಂದು ಮಾತು ಮಾತ್ರ ನೆನಪಿಟ್ಟುಕೊಳ್ಳಿ. ಬಿಚ್ಚುವ ಆಸೆ ಇದ್ದರೆ ಹಳೆಯ ಎಲೈಟೇ ಹುಡುಕಿ. 2020ರಲ್ಲಿ ಬಂದ ಎಲೈಟ್ 2.0 ಸಾಲಿನಲ್ಲಿ ಹೆಚ್ಚಿನವುಗಳ ಕವಚ ಅಂಟಿಸಿದ್ದು, ಸ್ಕ್ರೂ ಬಿಚ್ಚಿದರೂ ತೆರೆದುಕೊಳ್ಳುವುದಿಲ್ಲ. ಹಳೆಯದರಲ್ಲಿ ಹೆಚ್ಚಾಗಿ ಸ್ಕ್ರೂವೇ.

ಬಿಚ್ಚುವಾಗ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಸ್ಕ್ರೂ ಎಲ್ಲ ಹಾಳೆ ತಟ್ಟೆಯಲ್ಲಿ ಚಂದ ಮಾಡಿ ಹಾಕಿಟ್ಟೆ, ಮೇಲಿನ ಕವಚ ಎತ್ತಿದೆ, ಟ್ರಿಗರಿನ ಹಿಂದಿನ ಪುಟ್ಟ ಸ್ಪ್ರಿಂಗ್ ಟಿಕ್ ಅಂತ ಹಾರಿತು. ಪೆನ್ನಿನ ಸ್ಪ್ರಿಂಗಿಗಿಂತ ಚಿಕ್ಕದು. ರಾತ್ರಿ ಒಂಬತ್ತು ಗಂಟೆಗೆ ಟಾರ್ಚ್ ಹಿಡಿದು ಚಾವಡಿಯಲ್ಲಿ ಅಂಗಾತ ಮಲಗಿ ಹುಡುಕಿದ್ದೇನೆ, ಕೊನೆಗೆ ಅದು ನನ್ನ ಲುಂಗಿಯ ಮಡಿಕೆಯಲ್ಲೇ ಇತ್ತು. ಕವಚ ಎತ್ತಿದ ಕೂಡಲೇ, ಏನನ್ನೂ ಮುಟ್ಟುವ ಮೊದಲು, ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆಯಿರಿ. ಮತ್ತೆ ಜೋಡಿಸುವಾಗ ಆ ಫೋಟೋಗಳೇ ಗತಿ.

ಇನ್ನು ಸೇರಿಸಿದ ಕಥೆ. ಮೊದಲ ಸಲ ಪುಟ್ಟ ಗನ್ನಿನ ಹಿಡಿಯನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ಕತ್ತರಿಸಿ, ಟ್ರಿಗರ್ ಉಳಿಸಿಕೊಂಡು, ಕ್ಷಣದಲ್ಲಿ ಹಿಡಿಯುವ ಅಂಟು ಹಾಕಿ ಸ್ಟ್ರಾಂಗ್‌ಆರ್ಮ್‌ನ ನಳಿಗೆಯ ಕೆಳಗೆ ಕೂರಿಸಿದೆ. ಕೂತಿತು. ಮರುದಿನ ಅಂಟಿನ ಸುತ್ತ ನೀಲಿ ಪ್ಲಾಸ್ಟಿಕ್ ಮೇಲೆ ಬಿಳಿ ಹೊಗೆ ಹಿಡಿದ ಹಾಗೆ ಕಲೆ ಬಂತು. ಆ ಅಂಟು ಎಳೆತ ತಡೆಯುತ್ತದೆ, ಪೆಟ್ಟು ತಡೆಯುವುದಿಲ್ಲ. ಮುರಕಲ್ಲಿನ ಮೆಟ್ಟಿಲ ಮೇಲೆ ಒಂದು ಸಲ ಬಿತ್ತು, ಅಷ್ಟೇ, ಗನ್ ಎರಡಾಯಿತು.

ಎರಡನೇ ಸಲ ಪೈಪು ಸೋರಿದರೆ ಹಚ್ಚುತ್ತೇವಲ್ಲ, ಎರಡು ಬಣ್ಣದ ಮುದ್ದೆ ಕಲಸಿ, ಅದು. ಎರಡೂ ಕಡೆ ಸ್ಯಾಂಡ್ ಪೇಪರ್ ಹಾಕಿ ಉಜ್ಜಿ, ಹಚ್ಚಿ, ಒಂದು ದಿನ ಬಿಟ್ಟೆ. ಕಲ್ಲಿನ ಹಾಗೆ ಆಯಿತು. ಏಪ್ರಿಲ್, ಮೇ ರಜೆ ಪೂರ್ತಿ ಅದರಲ್ಲೇ ಆಡಿದರು. ಜುಲೈಯಲ್ಲಿ ಒಂದು ದಿನ ಕೈಗೆತ್ತಿಕೊಂಡರೆ ಮುದ್ದೆ ಪೂರ್ತಿ ಸ್ಟ್ರಾಂಗ್‌ಆರ್ಮ್‌ಗೆ ಕಚ್ಚಿಕೊಂಡೇ ಇದೆ, ಪುಟ್ಟ ಗನ್ ಮಾತ್ರ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸಲೀಸಾಗಿ ಬಿಟ್ಟು ಬಂದಿದೆ. ಅಂಟಿದ್ದ ಗುರುತೂ ಇಲ್ಲ.

ಆಗ ತಲೆಗೆ ಹೋಯಿತು. ಎರಡು ಗನ್ನಿನಿಂದಲೂ ಉಗುರಿನಷ್ಟು ತುಂಡು ಕತ್ತರಿಸಿ ಚೊಂಬಿನ ನೀರಿಗೆ ಹಾಕಿದೆ. ನೀಲಿ ತುಂಡು ಮುಳುಗಿತು. ಸಂತೆಯ ಗನ್ನಿನ ಹಸಿರು ತುಂಡು ತೇಲಿತು, ಬೆರಳಲ್ಲಿ ಒತ್ತಿ ಮುಳುಗಿಸಿದರೂ ಮತ್ತೆ ಮೇಲೆ. ಮುಳುಗಿದ್ದು ಎಬಿಎಸ್ ಪ್ಲಾಸ್ಟಿಕ್, ಅಂಟು ಹಿಡಿಯುವ ಜಾತಿ. ತೇಲಿದ್ದು ಪಾಲಿಪ್ರೊಪಿಲೀನ್ ಇರಬೇಕು, ಬಕೆಟ್ಟು, ಮುಚ್ಚಳ, ಡಬ್ಬಿಗಳಿಗೆ ಬಳಸುವ ಜಾರು ಜಾತಿ, ಅದಕ್ಕೆ ಮನೆಯಲ್ಲಿ ಸಿಗುವ ಯಾವ ಅಂಟೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಈ ಒಂದು ಚೊಂಬು ನೀರಿನ ಪರೀಕ್ಷೆ ಫೆಬ್ರವರಿಯಲ್ಲೇ ಮಾಡಿದ್ದರೆ ಆರು ತಿಂಗಳು ಉಳಿಯುತ್ತಿತ್ತು. ನೀವು ಎರಡು ಬೇರೆ ಬೇರೆ ಕಂಪೆನಿಯ ಆಟಿಕೆ ಸೇರಿಸುವವರಾದರೆ ಮೊದಲು ಚೊಂಬು ತನ್ನಿ, ಆಮೇಲೆ ಅಂಟು.

2023ರ ಓಣಂ ರಜೆಯಲ್ಲಿ ಅಂಟಿನ ಸಹವಾಸವೇ ಬೇಡ ಅಂತ ಸ್ಕ್ರೂಗೆ ಬಂದೆ. ತೋಟದಲ್ಲಿ ಸ್ಪ್ರಿಂಕ್ಲರಿಗೆ ಹಾಕಿ ಉಳಿದ ಪಿವಿಸಿ ಪೈಪಿನ ತುಂಡು ಇತ್ತು. ಅದನ್ನು ಉದ್ದಕ್ಕೆ ಸೀಳಿದರೆ ಪುಟ್ಟ ಗನ್ನಿನ ಮೈ ಕೂರಲು ಒಳ್ಳೆಯ ದೋಣಿ ಆಗುತ್ತದೆ. ದೋಣಿಗೂ ಸ್ಟ್ರಾಂಗ್‌ಆರ್ಮ್‌ಗೂ ಮಧ್ಯೆ ಒಂದು ಅಲ್ಯೂಮಿನಿಯಂ ಪಟ್ಟಿ ಬೇಕಿತ್ತು. ಬದಿಯಡ್ಕ ಪೇಟೆಯಲ್ಲಿ ಕಿಟಕಿ ಮಾಡುವವರಲ್ಲಿ ಹೋಗಿ ಗನ್ ಮೇಜಿನ ಮೇಲಿಟ್ಟೆ.

"ಎಂಥ ಮಾಷ್ಟ್ರೇ ಇದು? ಮಕ್ಕಳದ್ದಾ, ನಿಮ್ಮದ್ದಾ?"

"ಮಗಳದ್ದು."

"ಹಾಗಾದರೆ ಮಗಳನ್ನೇ ಕಳಿಸಬಹುದಿತ್ತು, ನೀವ್ಯಾಕೆ ಇಷ್ಟು ಅರ್ಜೆಂಟು ಮಾಡ್ತೀರಿ ಮಾರಾಯ್ರೇ."

ಪಟ್ಟಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ನಾಲ್ಕು ತೂತು ಅವರೇ ಕೊರೆದು ಕೊಟ್ಟರು, ಆಮೇಲೆ ಎರಡು ಡಾರ್ಟ್ ಗೋಡೆಗೆ ಹೊಡೆದೂ ನೋಡಿದರು. 3 ಮಿಲಿಮೀಟರ್ ಸ್ಕ್ರೂ, ನೈಲಾನ್ ಬಳೆ ಇರುವ ನಟ್, ಎಲ್ಲ ಸೇರಿ 90 ರೂಪಾಯಿ ಚಿಲ್ಲರೆ. ಸಾದಾ ನಟ್ ಹಾಕಬೇಡಿ, ಸ್ಪ್ರಿಂಗಿನ ಹೊಡೆತಕ್ಕೆ ಒಂದು ವಾರದಲ್ಲಿ ಸಡಿಲ ಆಗುತ್ತದೆ. ಮತ್ತೆ ಸ್ಕ್ರೂವಿನ ಉದ್ದ ನೋಡಿಕೊಳ್ಳಿ. ನನ್ನದೊಂದು ಸ್ಕ್ರೂ ಸ್ವಲ್ಪ ಉದ್ದ ಆಗಿ ತುದಿ ನಳಿಗೆಯ ಒಳಗೆ ಇಣುಕುತ್ತಿತ್ತು, ಹೊಡೆದ ಡಾರ್ಟ್ ಹೊರಗೆ ಬರದೆ ಒಳಗೇ ಸಿಕ್ಕಿಬಿದ್ದು ಗನ್ನೇ ಹಾಳಾಯಿತು ಅಂದುಕೊಂಡೆ.

ಜೋಡಣೆ ಆವತ್ತಿನಿಂದ ಇವತ್ತಿನವರೆಗೆ ಅಲ್ಲಾಡಿಲ್ಲ. ಎರಡು ಮಳೆಗಾಲ ಪೂರ್ತಿ ದಾಟಿದೆ, ಬಿದ್ದಿದೆ, ಒಮ್ಮೆ ದನದ ಹಟ್ಟಿಯಲ್ಲಿ ಒಂದು ರಾತ್ರಿ ಕಳೆದಿದೆ.

ಆದರೆ ಒಂದು ತೊಂದರೆ ಜೋಡಣೆಯಲ್ಲೇ ಹುಟ್ಟಿದ್ದು, ಅದು ಇನ್ನೂ ಹೋಗಿಲ್ಲ. ಪುಟ್ಟ ಗನ್ನಿನ ಸ್ಪ್ರಿಂಗ್ ಒತ್ತಲು ಅದರ ಹಿಂಬದಿಯ ಗುಬುಟು ಎಳೆಯಬೇಕು. ಎಳೆದರೆ ಐದು ಸೆಂಟಿಮೀಟರಿನಷ್ಟು ಹಿಂದೆ ಬರುತ್ತದೆ. ನೇರ ಕೆಳಗೆ ಕೂರಿಸಿದರೆ ಅದು ಸ್ಟ್ರಾಂಗ್‌ಆರ್ಮ್‌ನ ಟ್ರಿಗರ್ ಬಳೆಗೆ ತಾಗುತ್ತದೆ. ಮುಂದಕ್ಕೆ ಸರಿಸಿದರೆ ಮೂತಿ ಭಾರ ಆಗಿ ಕೈ ನೋಯುತ್ತದೆ. ಎಡಗಡೆ ಇಡುವ ಹಾಗಿಲ್ಲ, ಉರುಳೆ ತೆರೆದುಕೊಳ್ಳುವುದು ಆ ಕಡೆಗೇ. ಹಾಗಾಗಿ ಬಲಗಡೆಗೆ ಸರಿಸಿದೆ. ಈಗ ಗುಬುಟು ಟ್ರಿಗರ್ ಬಳೆಯ ಪಕ್ಕದಿಂದ ಹಿಂದೆ ಬಂದು ನಿಲ್ಲುತ್ತದೆ, ಪುಟ್ಟ ಟ್ರಿಗರ್ ಇನ್ನೊಂದು ಕೈಯಲ್ಲಿ ಒತ್ತಿದ ಕೂಡಲೇ ಟಪ್ ಅಂತ ಮುಂದೆ ಓಡುತ್ತದೆ. ಓಡುವ ದಾರಿಯಲ್ಲಿ ಬಲಗೈಯ ತೋರುಬೆರಳಿನ ಗೆಣ್ಣು. ನನಗೆ ಎರಡು ಸಲ ಚರ್ಮ ಕಿತ್ತಿದೆ. ಅಕ್ಕನ ಮಗನಿಗೆ ಲೆಕ್ಕವೇ ಇಲ್ಲ. ಮಗಳು ಎಡಗೈಯವಳು, ಅವಳಿಗೆ ಏನೂ ಆಗುವುದಿಲ್ಲ. ಇದು ನಾನು ಬೇಕಂತ ಮಾಡಿದ್ದು ಅಂತ ಅಕ್ಕ ಇವತ್ತಿಗೂ ನಂಬಿದ್ದಾಳೆ.

ಪುಟ್ಟ ಗನ್ನಿನ ಹೊಡೆತ ಮೊದಲು ತೀರಾ ಸಪ್ಪೆ, ಐದಾರು ಮೀಟರ್ ಹೋದರೆ ಹೆಚ್ಚು. ಪಿಸ್ಟನ್ನಿನ ರಬ್ಬರ್ ಉಂಗುರ ಸಡಿಲ, ಗಾಳಿ ಅಲ್ಲೇ ಸೋರುತ್ತಿತ್ತು. ಉಂಗುರ ತೆಗೆದು, ಅದು ಕೂರುವ ತಗ್ಗಿಗೆ ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪು ಎರಡು ಸುತ್ತು ಹಾಕಿ ಉಂಗುರ ಮೇಲೆ ಕೂರಿಸಿದೆ. ಈಗ ತುಳಸಿಕಟ್ಟೆಯಿಂದ ಕೊಟ್ಟಿಗೆಯ ಬಾಗಿಲಿಗೆ ತಾಗುತ್ತದೆ, ಅಳೆದರೆ ಒಂಬತ್ತು ಮೀಟರ್. ಗಟ್ಟಿ ಸ್ಪ್ರಿಂಗ್ ಹಾಕಲು ಕೆಲವರು ಹೇಳುತ್ತಾರೆ. ನಾನು ಹಾಕಲಿಲ್ಲ. ಹಾಕಿದರೆ ಮಕ್ಕಳಿಗೆ ಎಳೆಯಲು ಆಗುವುದಿಲ್ಲ, ಪೆಟ್ಟೂ ಜೋರಾಗುತ್ತದೆ. ಸ್ಟ್ರಾಂಗ್‌ಆರ್ಮ್‌ನ ಉರುಳೆಯಲ್ಲಿ ಗಾಳಿ ತಡೆಯುವ ಪುಟ್ಟ ಕವಾಟಗಳಿವೆ, ಅವನ್ನು ಕೊರೆದು ತೆಗೆಯುವವರೂ ಇದ್ದಾರೆ. ಅದನ್ನೂ ಮುಟ್ಟಲಿಲ್ಲ.

ಎಣ್ಣೆಯ ವಿಷಯದಲ್ಲಿ ನಾಚಿಕೆ ಬಿಟ್ಟು ಹೇಳುತ್ತೇನೆ. ತೆಂಗಿನೆಣ್ಣೆ ಹಾಕಿದ್ದೆ. ನಮ್ಮಲ್ಲಿ ಬಾಗಿಲು ಕಿರುಗುಟ್ಟಿದರೂ ಅದೇ, ತಲೆಗೂ ಅದೇ, ಹಾಗಾಗಿ ಕೈ ಅಲ್ಲಿಗೇ ಹೋಯಿತು. ಎರಡನೇ ದಿನ ಇರುವೆ. ಡಿಸೆಂಬರಿನ ಚಳಿಯ ಬೆಳಿಗ್ಗೆ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾದ ಹಾಗೆ ಗನ್ನಿನೊಳಗೂ ಗಟ್ಟಿ, ಪಿಸ್ಟನ್ನು ಮೆಲ್ಲ ಜಾರಿ ಬಂದು ಡಾರ್ಟ್ ಕಾಲಬುಡಕ್ಕೆ ಬಿತ್ತು. ಎಲ್ಲ ಸೋಪು ನೀರಿನಲ್ಲಿ ತೊಳೆದು, ನೀರಿನ ಫಿಲ್ಟರ್ ರಿಪೇರಿಯವರಲ್ಲಿ ಸಿಗುವ ಸಿಲಿಕೋನ್ ಗ್ರೀಸ್ ಸವರಿದೆ. ಕಡಲೆ ಕಾಳಿನಷ್ಟು ಸಾಕು. ಅಲ್ಲಿಂದ ವರ್ಷಕ್ಕೊಂದು ಸಲ, ಮಳೆ ಹಿಡಿಯುವ ಮೊದಲು, ಬಿಚ್ಚಿ ಸ್ಪ್ರಿಂಗ್ ಒರೆಸಿ ಹಚ್ಚುತ್ತೇನೆ. ಕಡಲ ಗಾಳಿಯ ಊರು, ಬಿಟ್ಟರೆ ತುಕ್ಕು ಖಂಡಿತ. ಅಂಟಿಸಿ ಮುಚ್ಚಿದ್ದರೆ ಹೀಗೆ ಬಿಚ್ಚಿ ಒರೆಸಲು ಆಗುತ್ತಲೇ ಇರಲಿಲ್ಲ.

ನಿಜವಾದ ಖರ್ಚು ಡಾರ್ಟಿನದ್ದು. ಏಳು ಸೆಂಟಿಮೀಟರ್ ಉದ್ದದ ನೀಲಿ ಸ್ಪಂಜು, ತುದಿಯಲ್ಲಿ ಕಿತ್ತಳೆ ಬಣ್ಣದ ರಬ್ಬರ್ ಟೊಪ್ಪಿ. ಆ ಕಿತ್ತಳೆ ಬಣ್ಣವೇ ನಮಗೆ ವೈರಿ. ನವೆಂಬರಿನಿಂದ ಅಂಗಳ ತುಂಬ ಹಣ್ಣಡಿಕೆ ಒಣಗಲು ಹಾಕಿರುತ್ತೇವೆ, ಅದೇ ಬಣ್ಣ, ಹೆಚ್ಚುಕಡಿಮೆ ಅದೇ ಹೊಳಪು. ಅಡಿಕೆಯ ನಡುವೆ ತಲೆ ಮೇಲೆ ಮಾಡಿ ಬಿದ್ದ ಡಾರ್ಟನ್ನು ಹುಡುಕಿ ನೋಡಿ. ಎರಡು ತಿಂಗಳು ಕಳೆದು ಸುಲಿಯುವವರು ಸಿಪ್ಪೆಯ ರಾಶಿಯಿಂದ ಒಂದೊಂದೇ ಎತ್ತಿ ಅಮ್ಮನ ಕೈಗೆ ಕೊಡುತ್ತಾರೆ, ಅಮ್ಮ ನನ್ನ ಮುಖ ನೋಡುತ್ತಾರೆ. 50ರಲ್ಲಿ ಈಗ 11 ಉಳಿದಿದೆ. ಕಡಿಮೆ ಬೆಲೆಯ ನೂರರ ಕಟ್ಟು ಒಮ್ಮೆ ತರಿಸಿದೆ, ತುದಿ ಗಟ್ಟಿ, ತಾಗಿದರೆ ಉರಿಯುತ್ತದೆ, ಬೇಡ. ರಾತ್ರಿ ಉರುಳೆಯಲ್ಲಿ ಡಾರ್ಟ್ ಬಿಡಬೇಡಿ, ಸ್ಪಂಜು ಒತ್ತಿ ಸಪೂರ ಆಗುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ. ಸ್ಪ್ರಿಂಗ್ ಎಳೆದು ಹಾಗೇ ಇಡುವುದೂ ಬೇಡ.

ಕಣ್ಣಿಗೆ ಕನ್ನಡಕ ಇಲ್ಲದೆ ಆಟ ಇಲ್ಲ, ಇದು ನಮ್ಮಲ್ಲಿ ಜಗ್ಗದ ನಿಯಮ. ಕಪ್ಪು ಬಣ್ಣ ಬಳಿಯಲು ಅಕ್ಕನ ಮಗ ಬಹಳ ಕಾಡಿದ. ಬಳಿಯಲಿಲ್ಲ. ಆಟಿಕೆ ಆಟಿಕೆಯ ಹಾಗೇ ಕಾಣಬೇಕು, ದಾರಿಯಲ್ಲಿ ಹೋಗುವವರಿಗೆ ಅನುಮಾನ ಬರಬಾರದು.

ಐದಕ್ಕೆ ಎಷ್ಟು ಅಂಕ ಅಂದರೆ, ಸ್ಟ್ರಾಂಗ್‌ಆರ್ಮ್ ಒಂದಕ್ಕೇ ನಾಲ್ಕೂವರೆ, ಸಂತೆಯ ಗನ್ನಿಗೆ ಎರಡು, ಸೇರಿಸಿದ ನನ್ನ ಕೆಲಸಕ್ಕೆ ಮೂರು. ಏಳನೇ ಡಾರ್ಟ್ ಮೊದಲ ಸಲ ಕೆಲಸ ಮಾಡಿದ ಸಂಜೆಗೆ ಮಾತ್ರ ಐದೂ ಕೊಡುತ್ತೇನೆ. ಆರು ಎಣಿಸಿ ಕಿರುಚುತ್ತಾ ಬಂದವನ ಹೊಟ್ಟೆಗೆ ಏಳನೆಯದು ತಾಗಿದಾಗ ಅವನು ಓಡುವುದು ನಿಲ್ಲಿಸಿ, ಹೊಟ್ಟೆ ನೋಡಿಕೊಂಡು, ನನ್ನ ಕಡೆ ತಿರುಗಿ "ಮಾವಾ, ಇದು ಮೋಸ" ಅಂದ. ಈಗ ಅವನು ಏಳರವರೆಗೆ ಎಣಿಸುತ್ತಾನೆ. ಮಗಳು ಎಂಟನೆಯದು ಎಡಗಡೆಗೆ ಎಲ್ಲಿ ಕೂರಿಸಬಹುದು ಅಂತ ಕೇಳುತ್ತಿದ್ದಾಳೆ. ಅಲ್ಲಿ ಜಾಗ ಇಲ್ಲ ಅಂದೆ. ಮೇ ತಿಂಗಳಲ್ಲಿ ಬಿಚ್ಚುವಾಗ ಒಮ್ಮೆ ನೋಡಬೇಕು.