ಪೈಲಟ್ ಪರವಾನಗಿ ಬಂತು: ಕಲಿಸುವುದೋ, ಕಂಪನಿ ಸೇರುವುದೋ?

200 ಗಂಟೆ ಹಾರಾಟ ಮುಗಿಸಿ, ವಾಣಿಜ್ಯ ಪೈಲಟ್ ಪರವಾನಗಿ ಹಿಡಿದು ದಾವಣಗೆರೆಗೆ ಮರಳಿದ ಹುಡುಗಿಗೆ ಮನೆಯವರು ಕೇಳುವುದು ಒಂದೇ: 'ಇಂಡಿಗೋ ಯಾವಾಗ?' ಕಂಪನಿಯಲ್ಲಿ ಸಂಬಳ ದೊಡ್ಡದು, ಸಂಶಯವಿಲ್ಲ. ಆದರೆ ಏರ್‌ಬಸ್ 320ರಂಥ ವಿಮಾನಕ್ಕೆ ಪ್ರತ್ಯೇಕ ಟೈಪ್ ರೇಟಿಂಗ್, ಅಂದರೆ ಆ ಮಾದರಿಯನ್ನು ಹಾರಿಸುವ ಅರ್ಹತೆ, ಬೇಕು. ಅದಕ್ಕೆ ಮತ್ತೆ ಲಕ್ಷಗಟ್ಟಲೆ ಸುರಿಯಬೇಕು. ರಾತ್ರಿಪಾಳಿಯೂ ತಪ್ಪದು.

ಹಾರಾಟ ಕಲಿಸುವ ಬೋಧಕಿಯ ಕೆಲಸಕ್ಕೂ ವಿಮಾನಯಾನ ನಿಯಂತ್ರಕ ಡಿಜಿಸಿಎಯ ರೇಟಿಂಗ್ ಬೇಕು; ಮೊದಲ ಮೆಟ್ಟಿಲು ಸಹಾಯಕ ಬೋಧಕಿ. ಬೆಂಗಳೂರಿನ ಜಕ್ಕೂರಿನಂಥ ತರಬೇತಿ ಕೇಂದ್ರದಲ್ಲಿ ಪುಟ್ಟ ಸೆಸ್ನಾ ವಿಮಾನದ ಬಲಗಡೆ ಕುಳಿತು ಅದೇ ರನ್‌ವೇ ಸುತ್ತ ದಿನವಿಡೀ ಸುತ್ತು. ಇಳಿಯುವಾಗ ಶಿಷ್ಯ ವಿಮಾನದ ಮೂಗು ಎತ್ತುವುದು ತಡವಾದರೆ ನಿಮ್ಮ ಕೈ ಮುಂದೆ ಹೋಗಬೇಕು, ಆದರೆ ಬೇಗ ಹೋಗಬಾರದು. ನಮ್ಮೂರ ಬೆಣ್ಣೆ ದೋಸೆಯಂತೆ: ಹೊತ್ತಿಗೆ ಮೊದಲೇ ಎಬ್ಬಿಸಿದರೆ ಹರಿಯುತ್ತದೆ. ಈ ತಾಳ್ಮೆ ಇಲ್ಲದವರು ಇತ್ತ ಬರಬೇಡಿ. ಮಳೆ ಹಿಡಿದರೆ ವಿಮಾನ ನೆಲದಲ್ಲೇ, ಹಾರಾಟದ ಗಂಟೆಯೂ ಇಲ್ಲ.

ಲಾಭವೊಂದಿದೆ. ಕಲಿಸಿದ ಗಂಟೆಗಳು ಪೈಲಟ್-ಇನ್-ಕಮಾಂಡ್ (ವಿಮಾನದ ಹೊಣೆ ಹೊತ್ತ ಪೈಲಟ್) ಲೆಕ್ಕಕ್ಕೆ ಬಂದು, ವಿಮಾನ ಕಂಪನಿಯಲ್ಲಿ ಕ್ಯಾಪ್ಟನ್ ಆಗಲು ಬೇಕಾದ ಪರವಾನಗಿ ಎಟಿಪಿಎಲ್‌ಗೆ ಬೇಕಾದ 1500 ಗಂಟೆಗೆ ಸೇರುತ್ತವೆ.

ದಾವಣಗೆರೆಯಲ್ಲಿ ವಿಮಾನ ನಿಲ್ದಾಣವಿಲ್ಲ, ಹಾಗಾಗಿ ಎರಡಕ್ಕೂ ಊರು ಬಿಡಲೇಬೇಕು. ಸಾಲ ಕುತ್ತಿಗೆಗೆ ಬಂದಿದ್ದರೆ ಕಂಪನಿ. ಇಲ್ಲವಾದರೆ ಎರಡು ವರ್ಷ ಕಲಿಸಿ ಎನ್ನುವವನು ನಾನು.